ಒಂದು ಹಾಳೆಯ ಮುಂದೆ ಒಂದು ಗಂಟೆ: ಲಿಯೊನಾರ್ಡೊನ ಗರ್ಭಸ್ಥ ಶಿಶುವಿನ ಪುಟವನ್ನು ನೋಡುವ ಕ್ರಮ

ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿದ ಚಿತ್ರವನ್ನು ಎರಡು ಮಾರು ದೂರದಲ್ಲಿ ನಿಂತು ನೋಡುವುದು ನಮಗೆಲ್ಲ ರೂಢಿಯಾಗಿದೆ. ಆದರೆ ಕಲಾವಿದನೊಬ್ಬ ತನ್ನ ಉಪಯೋಗಕ್ಕೆಂದೇ ಗೀಚಿಕೊಂಡ, ಚಿತ್ರವೂ ಟಿಪ್ಪಣಿಯೂ ಒಂದನ್ನೊಂದು ಒತ್ತಿಕೊಂಡು ಕುಳಿತಿರುವ ಹಾಳೆಯೊಂದು ಎದುರಿಗೆ ಬಂದಾಗ ಅದೇ ರೂಢಿ ಅಡ್ಡಿಯಾಗುತ್ತದೆ. ಎಲ್ಲಕ್ಕಿಂತ ದೊಡ್ಡ ಚಿತ್ರ ಕಣ್ಣಿಗೆ ಬೀಳುತ್ತದೆ, ಅದನ್ನು ಮೆಚ್ಚುತ್ತೇವೆ, ಅಡಿಬರಹ ಓದುತ್ತೇವೆ, ಪುಟ ತಿರುವುತ್ತೇವೆ. ಹಾಳೆಯ ಮುಕ್ಕಾಲು ಪಾಲು ನೋಡದೆಯೇ ಉಳಿಯುತ್ತದೆ. ಇಂಥ ಹಾಳೆಯನ್ನು ಚಿತ್ರವೆಂದು ನೋಡುವುದಕ್ಕಿಂತ ಒಬ್ಬ ಮನುಷ್ಯ ಯೋಚಿಸಿದ ದಾರಿಯೆಂದು ನೋಡಿದರೆ ಅದರಿಂದ ಪಡೆಯುವುದು ಬಹಳ ಇದೆ ಎಂಬುದು ನನ್ನ ಅನುಭವ. ಆ ದಾರಿಯನ್ನು ಹಿಡಿಯುವ ಕ್ರಮವನ್ನು ಒಂದೇ ಒಂದು ಹಾಳೆಯ ಮೂಲಕ ಇಲ್ಲಿ ವಿವರಿಸಿದ್ದೇನೆ.

ಆ ಹಾಳೆ ಲಿಯೊನಾರ್ಡೊ ಡ ವಿಂಚಿ ಸುಮಾರು 1511ರಲ್ಲಿ ಮಾಡಿದ, ಗರ್ಭಕೋಶದೊಳಗಿನ ಶಿಶುವಿನ ಅಧ್ಯಯನ. ಇಂಗ್ಲೆಂಡಿನ ರಾಜಮನೆತನದ ಸಂಗ್ರಹಕ್ಕೆ ಸೇರಿದ ಇದು ವಿಂಡ್ಸರ್ ಅರಮನೆಯಲ್ಲಿದೆ. ಸಂಗ್ರಹದಲ್ಲಿ ಇದರ ಸಂಖ್ಯೆ 919102. ಬಿಚ್ಚಿದ ಗರ್ಭಕೋಶದೊಳಗೆ ಮೊಣಕಾಲು ಮಡಚಿ, ತಲೆ ಬಾಗಿಸಿ, ಮುದುಡಿ ಕುಳಿತ ಶಿಶುವಿನ ಚಿತ್ರವನ್ನು ಶಾಲೆಯ ಪುಸ್ತಕದಲ್ಲೋ ಆಸ್ಪತ್ರೆಯ ಗೋಡೆಯ ಮೇಲೋ ಬಹಳ ಮಂದಿ ನೋಡಿರುತ್ತಾರೆ. ಆದರೆ ಅಲ್ಲೆಲ್ಲ ಕಾಣುವುದು ಸಾಮಾನ್ಯವಾಗಿ ಆ ಒಂದು ಚಿತ್ರ ಮಾತ್ರ. ಅದರ ಸುತ್ತಲಿನ ಸಣ್ಣ ಚಿತ್ರಗಳನ್ನೂ ಬರಹವನ್ನೂ ಕತ್ತರಿಸಿ ತೆಗೆದಿರುತ್ತಾರೆ. ಕತ್ತರಿಸಿ ತೆಗೆದ ಆ ಭಾಗಗಳೇ ಈ ಲೇಖನಕ್ಕೆ ಮುಖ್ಯ.

ಮೊದಲ ಹೆಜ್ಜೆ: ಹಾಳೆಯನ್ನು ಅದರ ನಿಜವಾದ ಅಳತೆಯಲ್ಲಿ ಪಡೆಯುವುದು

ಮೂಲ ಹಾಳೆ ಸುಮಾರು 30 ಸೆಂ.ಮೀ. ಎತ್ತರ, 22 ಸೆಂ.ಮೀ. ಅಗಲ ಇದೆ. ನಮ್ಮ ಜೆರಾಕ್ಸ್ ಅಂಗಡಿಗಳಲ್ಲಿ ಬಳಸುವ ಎ4 ಕಾಗದದ ಅಳತೆ 29.7 ಮತ್ತು 21 ಸೆಂ.ಮೀ. ಆದುದರಿಂದ ಇಡೀ ಹಾಳೆಯ ಚಿತ್ರವನ್ನು ಎ4 ಕಾಗದದ ಮೇಲೆ ಅಂಚಿನವರೆಗೂ ಬಣ್ಣದಲ್ಲಿ ಮುದ್ರಿಸಿಕೊಂಡರೆ ಮೂಲಕ್ಕೆ ತೀರ ಸಮೀಪದ ಅಳತೆ ಕೈಗೆ ಸಿಗುತ್ತದೆ. ಇದು ಸಣ್ಣ ಸಂಗತಿಯಂತೆ ತೋರಿದರೂ ನೋಡುವ ಕ್ರಮವನ್ನೇ ಬದಲಿಸುತ್ತದೆ. ಪರದೆಯ ಮೇಲೆ ಹಿಗ್ಗಿಸಿ ನೋಡುವಾಗ ಭಿತ್ತಿಚಿತ್ರದಂತೆ ಕಾಣುವ ಗರ್ಭಕೋಶ, ಕಾಗದದಲ್ಲಿ ಹರಡಿದ ಅಂಗೈ ಮುಚ್ಚುವಷ್ಟು ಮಾತ್ರ ಇದೆ ಎಂಬುದು ತಿಳಿದ ಕ್ಷಣದಲ್ಲಿ, ಆ ಗೆರೆಗಳನ್ನು ಎಳೆದ ಲೇಖನಿಯ ಮೊನೆ ಎಷ್ಟು ನವಿರಾಗಿತ್ತು, ಬರೆಯುವ ಕೈ ಎಷ್ಟು ಮೆಲ್ಲಗೆ ಚಲಿಸಿರಬೇಕು ಎಂಬ ಅಂದಾಜು ಮೂಡುತ್ತದೆ.

ರಾಜಸಂಗ್ರಹವನ್ನು ನೋಡಿಕೊಳ್ಳುವ ಟ್ರಸ್ಟ್ ತನ್ನ ಜಾಲತಾಣದಲ್ಲಿ ಇಡೀ ಹಾಳೆಯ ಚಿತ್ರವನ್ನು ಹಿಗ್ಗಿಸಿ ನೋಡಲು ಬರುವಂತೆ ಇಟ್ಟಿದೆ. ಮುದ್ರಿಸಿದ ಪ್ರತಿಯನ್ನು ಮೇಜಿನ ಮೇಲೂ ಹಿಗ್ಗಿಸಿದ ಚಿತ್ರವನ್ನು ಪಕ್ಕದಲ್ಲಿಯೂ ಇಟ್ಟುಕೊಳ್ಳಿ. ಇವೆರಡರ ಜೊತೆಗೆ ಒಂದು ಚಿಕ್ಕ ಕನ್ನಡಿ, ಒಂದು ಭೂತಗನ್ನಡಿ, ಪೆನ್ಸಿಲ್ಲು, ಖಾಲಿ ಹಾಳೆ, ಒಂದು ನಿಂಬೆಹಣ್ಣು ಇರಲಿ. ನಿಂಬೆಹಣ್ಣು ಏಕೆಂಬುದು ಕೊನೆಯ ಹೆಜ್ಜೆಯಲ್ಲಿ ತಿಳಿಯುತ್ತದೆ. ಹಾಳೆಯ ಬಗ್ಗೆ ಬೇರೆಯವರು ಬರೆದ ವಿವರಣೆಯನ್ನು ಈಗಲೇ ಓದಬೇಡಿ. ವಿವರಣೆ ಓದಿದ ಮೇಲೆ ಕಣ್ಣು ಅದರಲ್ಲಿ ಹೇಳಿದ್ದನ್ನಷ್ಟೇ ಹುಡುಕುತ್ತದೆ.

ಎರಡನೆಯ ಹೆಜ್ಜೆ: ದೊಡ್ಡ ಚಿತ್ರವನ್ನು ಮುಚ್ಚಿ ನೋಡುವುದು

ಶಿಶುವಿನ ಚಿತ್ರಕ್ಕೆ ಇರುವ ಸೆಳೆತ ಬಹಳ ಬಲವಾದದ್ದು. ಅದು ಕಾಣುತ್ತಿರುವಷ್ಟು ಹೊತ್ತು ಕಣ್ಣು ಬೇರೆಡೆಗೆ ಹೋದರೂ ಮತ್ತೆ ಅಲ್ಲಿಗೇ ಬರುತ್ತದೆ. ಆದ್ದರಿಂದ ಖಾಲಿ ಕಾಗದದ ತುಂಡೊಂದನ್ನು ಗರ್ಭಕೋಶದ ಆಕಾರಕ್ಕೆ ಕತ್ತರಿಸಿ, ಮುದ್ರಿತ ಪ್ರತಿಯಲ್ಲಿ ಆ ಚಿತ್ರದ ಮೇಲೆ ಇಡಿ. ಹತ್ತು ನಿಮಿಷ ಉಳಿದುದನ್ನು ಮಾತ್ರ ನೋಡಿ.

ಈಗ ಪೆನ್ಸಿಲ್ಲಿನಲ್ಲಿ ನಿಮ್ಮ ಹಾಳೆಯ ಮೇಲೆ ಒಂದು ಆಯತ ಬರೆದುಕೊಂಡು, ಎಲ್ಲಿ ಬರಹದ ಗುಂಪು ಇದೆ, ಎಲ್ಲಿ ಸಣ್ಣ ಚಿತ್ರವಿದೆ, ಎಲ್ಲಿ ಖಾಲಿ ಜಾಗವಿದೆ ಎಂಬುದನ್ನು ಹೊಲದ ನಕ್ಷೆ ಬರೆಯುವಂತೆ ಗುರುತು ಹಾಕಿ. ಅಂದವಾಗಿ ಬರೆಯುವ ಅಗತ್ಯವಿಲ್ಲ. ಪ್ರತಿಯೊಂದು ತುಣುಕಿಗೂ ಒಂದೊಂದು ಸಂಖ್ಯೆ ಕೊಟ್ಟು, ಅದು ಏನಿರಬಹುದೆಂದು ನಿಮಗೆ ತೋರಿದ್ದನ್ನು ಎರಡು ಮೂರು ಶಬ್ದಗಳಲ್ಲಿ ಪಕ್ಕಕ್ಕೆ ಬರೆಯಿರಿ. ಪೊರೆ ಬಿಚ್ಚಿದ ಉಂಡೆಯಂಥ ಒಂದು ಚಿತ್ರ, ಬೆರಳುಗಳನ್ನು ಹೆಣೆದಂತೆ ಕಾಣುವ ಇನ್ನೊಂದು ಚಿತ್ರ, ಕೆಳಭಾಗದಲ್ಲಿ ಕಣ್ಣಿನಿಂದ ಹೊರಟ ಗೆರೆಗಳಿರುವ ರೇಖಾಚಿತ್ರ, ಹೀಗೆ ಪಟ್ಟಿ ಬೆಳೆಯುತ್ತದೆ. ಅರ್ಥವಾಗದ ತುಣುಕಿಗೆ ಅರ್ಥವಾಗಲಿಲ್ಲ ಎಂದೇ ಬರೆದಿಡಿ. ಆ ಗುರುತು ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ. ನಾನು ಈ ಹಾಳೆಯನ್ನು ವರ್ಷಗಟ್ಟಲೆ ಬಲ್ಲೆನೆಂದು ತಿಳಿದಿದ್ದೆ. ಕೆಳಗಿನ ಕಣ್ಣಿನ ರೇಖಾಚಿತ್ರ ನನ್ನ ಗಮನಕ್ಕೆ ಬಂದದ್ದು ಶಿಶುವನ್ನು ಮುಚ್ಚಿ ನೋಡಿದ ದಿನ.

ಮೂರನೆಯ ಹೆಜ್ಜೆ: ಬಳಸಿದ ವಸ್ತುಗಳನ್ನು ಬೇರ್ಪಡಿಸಿ ಗುರುತಿಸುವುದು

ಕಾಗದದ ತುಂಡನ್ನು ತೆಗೆದು, ಇಡೀ ಹಾಳೆಯನ್ನು ಈಗ ಬಣ್ಣಗಳ ದೃಷ್ಟಿಯಿಂದ ನೋಡಿ. ಹಾಳೆಯಲ್ಲಿ ಮುಖ್ಯವಾಗಿ ಮೂರು ಸಂಗತಿಗಳು ಒಂದರ ಮೇಲೊಂದು ಬಂದಿವೆ. ತಳದಲ್ಲಿ ಕೆಂಪು ಚಾಕ್, ಅಲ್ಲಲ್ಲಿ ಕಪ್ಪು ಚಾಕಿನ ಕುರುಹು. ಅದರ ಮೇಲೆ ಹಕ್ಕಿಯ ಗರಿಯ ಲೇಖನಿಯಲ್ಲಿ ಎಳೆದ ಶಾಯಿಯ ಗೆರೆ. ಕೆಲವೆಡೆ ನೀರು ಬೆರೆಸಿದ ಶಾಯಿಯನ್ನು ಕುಂಚದಿಂದ ತೆಳುವಾಗಿ ಹರಡಿದ ಲೇಪ. ಕೆಂಪು ಚಾಕ್ ಎಂದರೆ ಕಬ್ಬಿಣದ ಅಂಶದಿಂದ ಕೆಂಪಾದ ಜೇಡಿಮಣ್ಣು, ನಮ್ಮ ಕಡೆ ಕಾವಿ ಎನ್ನುವ ಮಣ್ಣಿನ ಸಂಬಂಧಿ. ಅಂಗಳದ ಅಂಚಿಗೆ ಕಾವಿ ಬಳಿದವರಿಗೆ ಆ ಕೆಂಪಿನ ಹದ ಗೊತ್ತಿರುತ್ತದೆ: ಮೈಗೆ ಹತ್ತಿರದ, ಬೆಚ್ಚಗಿನ, ಒರೆಸಿದರೆ ಮಬ್ಬಾಗಿ ಹರಡುವ ಕೆಂಪು. ಗರ್ಭದೊಳಗಿನ ನೋಟಕ್ಕೆ ಲಿಯೊನಾರ್ಡೊ ಈ ವಸ್ತುವನ್ನು ತಳಕ್ಕೆ ಇಟ್ಟದ್ದು ನನಗೆ ಬಹಳ ಒಪ್ಪುತ್ತದೆ.

ಶಾಯಿಯ ಕಂದು ಬಣ್ಣಕ್ಕೂ ಒಂದು ಕಾರಣವಿದೆ. ಆ ಕಾಲದ ಯುರೋಪಿನಲ್ಲಿ ಬರವಣಿಗೆಗೆ ಬಳಕೆಯಲ್ಲಿದ್ದ ಶಾಯಿಯನ್ನು ಓಕ್ ಮರದ ಮೇಲೆ ಬೆಳೆಯುವ ಗಂಟುಗಳ ಒಗರು ರಸಕ್ಕೆ ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟ್, ಬೆರೆಸಿ ಮಾಡುತ್ತಿದ್ದರು. ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ತಗುಲಿದಾಗ ಕಪ್ಪಾಗುವುದನ್ನು ನೋಡಿದವರಿಗೆ ಇದರ ಗುಣ ತಿಳಿದೇ ಇದೆ. ಬರೆದಾಗ ಕಪ್ಪಗಿರುವ ಈ ಶಾಯಿ ಶತಮಾನಗಳ ಕಾಲದಲ್ಲಿ ಕಂದಾಗುತ್ತದೆ. ಹೀಗಾಗಿ ನಾವು ಇಂದು ಕಾಣುವ, ಜೇನಿನ ಬಣ್ಣಕ್ಕೆ ತಿರುಗಿದ ಮೃದುವಾದ ಹಾಳೆಯನ್ನೇ ಲಿಯೊನಾರ್ಡೊ ಕಂಡನೆಂದು ಭಾವಿಸಬಾರದು. ಆತನ ಕಣ್ಣಿಗೆ ಗೆರೆ ಇನ್ನೂ ಕಪ್ಪಾಗಿ, ಕಾಗದ ಇನ್ನೂ ಬೆಳ್ಳಗೆ, ಎರಡರ ನಡುವಿನ ಅಂತರ ಇನ್ನೂ ಹರಿತವಾಗಿ ಕಂಡಿರಬೇಕು.

ವಸ್ತುಗಳು ಮಾಯವಾಗುವುದೂ ಉಂಟು. ಇದೇ ವಿಂಡ್ಸರ್ ಸಂಗ್ರಹದಲ್ಲಿ, ಲಿಯೊನಾರ್ಡೊ 1481ರ ಸುಮಾರಿಗೆ ಕೈಗಳ ಅಧ್ಯಯನಕ್ಕೆ ಬಳಸಿದ ಹಾಳೆಯೊಂದು ಬರಿಗಣ್ಣಿಗೆ ಬಹುಮಟ್ಟಿಗೆ ಖಾಲಿಯಾಗಿ ಕಾಣುತ್ತದೆ. ಲೋಹದ ಕಡ್ಡಿಯಲ್ಲಿ ಎಳೆದ ಆ ಗೆರೆಗಳು ಕಾಲಕ್ರಮದಲ್ಲಿ ಮಾಸಿಹೋಗಿ, ಅತಿನೇರಳೆ ಬೆಳಕಿನಲ್ಲಿ ಮಾತ್ರ ಮತ್ತೆ ಮೂಡುತ್ತವೆ. ನಮ್ಮ ಹಾಳೆಗೆ ಆ ಗತಿ ಬಂದಿಲ್ಲವಾದರೂ, ಯಾವುದೇ ಹಳೆಯ ಹಾಳೆಯಲ್ಲಿ ಖಾಲಿ ಕಾಣುವ ಜಾಗವನ್ನು ಖಾಲಿಯೆಂದು ತೀರ್ಮಾನಿಸುವ ಮೊದಲು ಇದನ್ನು ನೆನಪಿಡಬೇಕು.

ನಾಲ್ಕನೆಯ ಹೆಜ್ಜೆ: ಗೆರೆಯ ಹಿಂದಿನ ಕೈಯನ್ನು ಕಾಣುವುದು

ಭೂತಗನ್ನಡಿಯನ್ನು ನೆರಳಿನ ಭಾಗಗಳ ಮೇಲೆ ಹಿಡಿಯಿರಿ. ಕಲಾಶಾಲೆಗಳಲ್ಲಿ ಹ್ಯಾಚಿಂಗ್ ಎನ್ನುವ, ಒತ್ತೊತ್ತಾಗಿ ಎಳೆದ ಗೆರೆಗಳ ಸಾಲು ಅಲ್ಲಿ ಕಾಣುತ್ತದೆ. ಬಲಗೈಯಲ್ಲಿ ಬರೆಯುವವರು ಇಂಥ ಸಾಲನ್ನು ಸಹಜವಾಗಿ ಎಳೆದಾಗ ಗೆರೆಗಳು ಮೇಲಿನ ಬಲದಿಂದ ಕೆಳಗಿನ ಎಡಕ್ಕೆ ಓರೆಯಾಗುತ್ತವೆ. ಲಿಯೊನಾರ್ಡೊ ಎಡಗೈಯವನು, ಆತನ ಸಾಲುಗೆರೆಗಳು ಮೇಲಿನ ಎಡದಿಂದ ಕೆಳಗಿನ ಬಲಕ್ಕೆ ಇಳಿಯುತ್ತವೆ. ಆತನ ಚಿತ್ರವನ್ನು ಶಿಷ್ಯರ ಚಿತ್ರದಿಂದ ಬೇರ್ಪಡಿಸಲು ವಿದ್ವಾಂಸರು ಬಳಸುವ ಮೊದಲ ಗುರುತುಗಳಲ್ಲಿ ಇದೂ ಒಂದು. ನಿಮ್ಮ ಹಾಳೆಯಲ್ಲಿ ಎರಡೂ ಕೈಗಳಿಂದ ಹತ್ತು ಹತ್ತು ಗೆರೆ ಎಳೆದು ನೋಡಿದರೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಈ ಹಾಳೆಯಲ್ಲಿ ಅದಕ್ಕಿಂತ ಗಮನಾರ್ಹವಾದದ್ದು ಬಾಗಿದ ಗೆರೆಗಳು. ಯೌವನದ ಚಿತ್ರಗಳಲ್ಲಿ ಆತನ ನೆರಳಿನ ಗೆರೆಗಳು ಹೆಚ್ಚಾಗಿ ನೆಟ್ಟಗೆ ಸಮಾನಾಂತರವಾಗಿ ಓಡುತ್ತವೆ, ಕೆಳಗಿರುವ ವಸ್ತು ದುಂಡಗಿದ್ದರೂ ಚಪ್ಪಟೆಯಾಗಿದ್ದರೂ ಅವುಗಳ ದಿಕ್ಕು ಬದಲಾಗುವುದಿಲ್ಲ. ಇಲ್ಲಿ, ಅರುವತ್ತರ ಸಮೀಪಕ್ಕೆ ಬಂದ ಆತನ ಗೆರೆ, ಗರ್ಭಕೋಶದ ಗೋಡೆಯ ಮೇಲೆ ಬಾಗುತ್ತದೆ, ಶಿಶುವಿನ ತೊಡೆಯ ಸುತ್ತ ಹೊರಳುತ್ತದೆ, ತಲೆಯ ದುಂಡನ್ನು ಅನುಸರಿಸುತ್ತದೆ. ಕುಂಬಾರನ ಕೈ ಮಡಕೆಯ ಮೈಮೇಲೆ ಹೇಗೆ ಸರಿಯುತ್ತದೆಯೋ ಹಾಗೆ ಲೇಖನಿ ಇಲ್ಲಿ ಆಕಾರವನ್ನು ಸವರುತ್ತದೆ. ಒಂದು ತೊಡೆಯನ್ನು ಆರಿಸಿಕೊಂಡು, ಅದರ ಗೆರೆಗಳ ಮೇಲೆ ಪೆನ್ಸಿಲ್ಲಿನ ಹಿಂತುದಿಯನ್ನು ಮುಟ್ಟಿಸದೆ ಆಡಿಸಿ ನೋಡಿ. ಮಣಿಕಟ್ಟು ತಿರುಗುವ ಬಗೆಯಲ್ಲೇ ಆ ದುಂಡುತನ ತಿಳಿಯುತ್ತದೆ.

ಐದನೆಯ ಹೆಜ್ಜೆ: ಯಾವುದು ಮೊದಲು, ಯಾವುದು ಆಮೇಲೆ

ಹಾಳೆಯ ಕಾಲಕ್ರಮವನ್ನು ಕಂಡುಕೊಳ್ಳುವುದಕ್ಕೆ ಒಂದು ಸರಳ ಉಪಾಯವಿದೆ. ಬರಹದ ಸಾಲು ಚಿತ್ರದ ಅಂಚಿಗೆ ಬಂದು ಮೊಟಕಾಗಿ ನಿಂತರೆ ಚಿತ್ರ ಮೊದಲು, ಬರಹ ಆಮೇಲೆ. ಚಿತ್ರದ ಗೆರೆ ಬರಹದ ಮೇಲೆ ಹಾದುಹೋದರೆ ಅಥವಾ ಬರಹವನ್ನು ತಪ್ಪಿಸಲು ಚಿತ್ರವೇ ಕುಗ್ಗಿದರೆ ಬರಹ ಮೊದಲು. ಇಲ್ಲಿ ಬರಹದ ಗುಂಪುಗಳು ಹೆಚ್ಚಾಗಿ ಚಿತ್ರಗಳ ನಡುವೆ ಉಳಿದ ಜಾಗಕ್ಕೆ ಹೊಂದಿಕೊಂಡು ಕುಳಿತಿವೆ. ಅಂದರೆ ಆತ ಮೊದಲು ಬರೆದದ್ದು ಚಿತ್ರವನ್ನು, ಮಾತು ಆ ಚಿತ್ರಕ್ಕೆ ಉತ್ತರವಾಗಿ ಆಮೇಲೆ ಬಂತು.

ಬರಹದ ಅಂಚುಗಳನ್ನೂ ಗಮನಿಸಿ. ನಾವು ಎಡದಿಂದ ಬರೆಯುವವರು. ನಮ್ಮ ಪುಟದಲ್ಲಿ ಎಡ ಅಂಚು ನೆಟ್ಟಗಿದ್ದು ಬಲ ಅಂಚು ಏರುಪೇರಾಗಿರುತ್ತದೆ. ಲಿಯೊನಾರ್ಡೊನ ಟಿಪ್ಪಣಿಗಳಲ್ಲಿ ಇದು ತಿರುವುಮುರುವು, ಏಕೆಂದರೆ ಆತ ಬಲದಿಂದ ಎಡಕ್ಕೆ, ಅಕ್ಷರಗಳನ್ನೂ ತಿರುಗಿಸಿ ಬರೆಯುತ್ತಿದ್ದ. ಚಿಕ್ಕ ಕನ್ನಡಿಯನ್ನು ಹಾಳೆಯ ಪಕ್ಕದಲ್ಲಿ ನೆಟ್ಟಗೆ ನಿಲ್ಲಿಸಿ ನೋಡಿದರೆ ಅಕ್ಷರಗಳು ತಮ್ಮ ಸರಿಯಾದ ರೂಪಕ್ಕೆ ಬರುತ್ತವೆ. ಗುಟ್ಟು ಕಾಪಾಡಲು ಹೀಗೆ ಬರೆದನೆಂಬ ಮಾತು ಬಹಳ ಪ್ರಚಾರದಲ್ಲಿದೆ. ಒಂದು ಕನ್ನಡಿಯಿಂದ ಬಯಲಾಗುವ ಗುಟ್ಟಿಗೆ ಅಷ್ಟು ಶ್ರಮವನ್ನು ಯಾರೂ ಪಡಲಾರರು ಎಂದು ನಾನು ತಿಳಿಯುತ್ತೇನೆ. ಎಡಗೈಯಲ್ಲಿ ಹಸಿ ಶಾಯಿಯಿಂದ ಬರೆಯುವವನಿಗೆ ಬಲದಿಂದ ಎಡಕ್ಕೆ ಹೋಗುವುದೇ ಸಲೀಸು, ಬರೆದದ್ದರ ಮೇಲೆ ಕೈ ಉಜ್ಜುವುದಿಲ್ಲ.

ಆರನೆಯ ಹೆಜ್ಜೆ: ಟಿಪ್ಪಣಿಯ ಮಾತನ್ನು ಚಿತ್ರದ ಪಕ್ಕದಲ್ಲಿಟ್ಟು ಓದುವುದು

ಐದು ಶತಮಾನಗಳ ಹಿಂದಿನ ಇಟಾಲಿಯನ್ ಬರಹವನ್ನು ನಾವು ಮೂಲದಲ್ಲಿ ಓದಲಾರೆವು. ಈಗ, ಇಷ್ಟು ನೋಡಿದ ಮೇಲೆ, ಅನುವಾದದ ನೆರವು ಪಡೆಯಬಹುದು. ಮುಖ್ಯ ಟಿಪ್ಪಣಿಯೊಂದರ ತಾತ್ಪರ್ಯ ಹೀಗಿದೆ: ಈ ಶಿಶುವಿನ ಹೃದಯ ಬಡಿಯುವುದಿಲ್ಲ, ಅದು ಉಸಿರಾಡುವುದೂ ಇಲ್ಲ, ಏಕೆಂದರೆ ಅದು ಸದಾ ನೀರಿನಲ್ಲಿದೆ, ಉಸಿರಾಡಿದರೆ ಮುಳುಗಿಹೋದೀತು, ತಾಯಿಯ ಉಸಿರು ಮತ್ತು ಆಹಾರದಿಂದಲೇ ಅದಕ್ಕೆ ಜೀವ ದೊರೆಯುವುದರಿಂದ ಉಸಿರಿನ ಅಗತ್ಯವಿಲ್ಲ. ಎರಡು ದೇಹಗಳನ್ನು ಒಂದೇ ಆತ್ಮ ಆಳುತ್ತದೆ. ಬಯಕೆ, ಭಯ, ನೋವು ಇಬ್ಬರಿಗೂ ಸಮಾನ. ತಾಯಿ ಬಯಸಿದ್ದರ ಗುರುತು ಕೆಲವೊಮ್ಮೆ ಮಗುವಿನ ಮೈಮೇಲೆ ಮೂಡುತ್ತದೆ.

ಇಂಥ ಟಿಪ್ಪಣಿ ಓದುವಾಗ ಪ್ರತಿ ವಾಕ್ಯಕ್ಕೂ ಒಂದು ಪ್ರಶ್ನೆ ಹಾಕಿಕೊಳ್ಳಬೇಕು: ಇದು ಕಂಡದ್ದೋ, ಊಹಿಸಿದ್ದೋ, ಕೇಳಿ ತಿಳಿದದ್ದೋ? ಶಿಶು ನೀರಿನಲ್ಲಿರುವುದು ಕಂಡ ಸಂಗತಿ. ಅಲ್ಲಿ ಗಾಳಿಯನ್ನು ಉಸಿರಾಡಬೇಕಾಗಿಲ್ಲ ಎಂಬುದು ಕಂಡದ್ದರಿಂದ ಮಾಡಿದ ಸರಿಯಾದ ಊಹೆ. ಹೃದಯ ಬಡಿಯುವುದಿಲ್ಲ ಎಂಬುದು ಅದೇ ತರ್ಕವನ್ನು ಇನ್ನೊಂದು ಹೆಜ್ಜೆ ಮುಂದೆ ಎಳೆದಾಗ ಬಂದ ತಪ್ಪು. ಗರ್ಭದ ಶಿಶುವಿನ ಹೃದಯ ಮೊದಲ ತಿಂಗಳುಗಳಲ್ಲೇ ಬಡಿಯತೊಡಗುತ್ತದೆ ಎಂಬುದು ಇಂದು ಸ್ಕ್ಯಾನಿಂಗ್ ಕೋಣೆಯಲ್ಲಿ ಆ ಸದ್ದು ಕೇಳಿಸಿಕೊಂಡ ಪ್ರತಿಯೊಬ್ಬ ತಾಯಿಗೂ ಗೊತ್ತು. ಬಯಕೆಯ ಗುರುತಿನ ಮಾತು ಆತ ಜನರಿಂದ ಕೇಳಿ ನಂಬಿದ್ದು.

ಈ ಕೊನೆಯ ಮಾತಿನ ಮುಂದೆ ಕನ್ನಡದ ಓದುಗರು ತುಸು ಹೊತ್ತು ನಿಲ್ಲಬೇಕೆಂದು ನನ್ನ ಆಸೆ. ಬಸುರಿಯ ಬಯಕೆ ತೀರಿಸದಿದ್ದರೆ ಮಗುವಿಗೆ ತೊಂದರೆಯೆಂಬ ನಂಬಿಕೆ ನಮ್ಮ ಮನೆಗಳಲ್ಲಿ ಇಂದಿಗೂ ಇದೆ. ಸುಶ್ರುತ ಸಂಹಿತೆಯ ಶಾರೀರಸ್ಥಾನ ಇದಕ್ಕೆ ಒಂದು ಕಾರಣ ಕೊಡುತ್ತದೆ: ನಾಲ್ಕನೆಯ ತಿಂಗಳಲ್ಲಿ ಶಿಶುವಿನ ಹೃದಯ ವ್ಯಕ್ತವಾಗುವುದರಿಂದ ಬಸುರಿ ಎರಡು ಹೃದಯದವಳಾಗುತ್ತಾಳೆ, ಅವಳು ದೌಹೃದಿನಿ, ಅವಳ ಬಯಕೆ ಒಳಗಿನ ಜೀವದ ಬಯಕೆಯೂ ಹೌದು. ಒಂದು ಆತ್ಮಕ್ಕೆ ಎರಡು ದೇಹ ಎಂದು ಲಿಯೊನಾರ್ಡೊ ಬರೆದರೆ, ಒಂದು ದೇಹದಲ್ಲಿ ಎರಡು ಹೃದಯ ಎಂದು ನಮ್ಮ ಗ್ರಂಥ ಹೇಳಿತು. ಒಬ್ಬರಿಂದ ಒಬ್ಬರು ಕಲಿತರೆಂದು ನಾನು ಹೇಳುತ್ತಿಲ್ಲ. ಒಂದೇ ಅಚ್ಚರಿಯ ಮುಂದೆ ನಿಂತ ಇಬ್ಬರ ಲೆಕ್ಕ ಬೇರೆಬೇರೆಯಾಗಿರುವುದನ್ನು ಕಂಡಾಗ, ಲಿಯೊನಾರ್ಡೊನ ವಾಕ್ಯದಲ್ಲಿ ಆತನದೇ ಆದದ್ದು ಯಾವುದೆಂಬುದು ಹೆಚ್ಚು ಸ್ಪಷ್ಟವಾಗುತ್ತದೆ. ಶಿಶುವಿನ ಹೃದಯ ಸುಮ್ಮನಿದೆ ಎಂದು ನಂಬಿದವನಿಗೆ ಎರಡು ಹೃದಯದ ಲೆಕ್ಕ ಹೊಳೆಯುವಂತಿರಲಿಲ್ಲ.

ಏಳನೆಯ ಹೆಜ್ಜೆ: ಸಣ್ಣ ಚಿತ್ರಗಳಲ್ಲಿ ತಪ್ಪನ್ನು ಹುಡುಕುವುದು

ನೋಟದ ಹಾಳೆಯಲ್ಲಿ ತಪ್ಪು ಸಿಕ್ಕಿದರೆ ಬೇಸರಪಡಬಾರದು, ಅದನ್ನು ಜೋಪಾನವಾಗಿ ಹಿಡಿದುಕೊಳ್ಳಬೇಕು. ಸರಿಯಾಗಿ ಬರೆದ ಚಿತ್ರ ವಸ್ತುವನ್ನು ತೋರಿಸುತ್ತದೆ. ತಪ್ಪಾಗಿ ಬರೆದ ಚಿತ್ರ ಬರೆದವನು ಎಲ್ಲಿ ನಿಂತಿದ್ದನೆಂಬುದನ್ನು ತೋರಿಸುತ್ತದೆ.

ಈ ಹಾಳೆಯ ದೊಡ್ಡ ತಪ್ಪನ್ನು ಹಿಡಿಯಲು ವೈದ್ಯಕೀಯ ಓದಿರಬೇಕಾಗಿಲ್ಲ, ಹಟ್ಟಿಯಲ್ಲಿ ದನ ಸಾಕಿದ್ದರೆ ಸಾಕು. ಹಸು ಕರು ಹಾಕಿದ ಕೆಲವು ಗಂಟೆಗಳಲ್ಲಿ ಸತ್ತೆ, ಅಂದರೆ ಗರ್ಭದಲ್ಲಿ ಕರುವನ್ನು ಪೋಷಿಸಿದ ಪೊರೆ, ಬೀಳುತ್ತದೆ. ಕೆಲವು ಕಡೆ ಇದನ್ನು ಕಸ ಎಂದೂ ಮಾಸು ಎಂದೂ ಕರೆಯುತ್ತಾರೆ. ಚಿಕ್ಕಂದಿನಲ್ಲಿ ನಮ್ಮ ಮನೆಯ ಹಟ್ಟಿಯಲ್ಲಿ, ನಾಯಿ ಎಳೆಯದಂತೆ ಅದನ್ನು ಹೂಳಲು ಗುಂಡಿ ತೋಡುವವರೆಗೆ ಕಾಯುವ ಕೆಲಸ ನನ್ನದಾಗಿತ್ತು. ತೆಳುವಾದ, ಹೊಳೆಯುವ ಪೊರೆಯ ಮೇಲೆ ಅಂಗಿಯ ಗುಂಡಿಗಳನ್ನು ಹೊಲಿದಂತೆ ಅಲ್ಲಲ್ಲಿ ಕೆಂಪು ಗಂಟುಗಳಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಹಸುವಿನ ಗರ್ಭಕೋಶಕ್ಕೆ ಆ ಪೊರೆ ಅಂಟಿಕೊಂಡಿರುವುದು ಈ ಗಂಟುಗಳ ಮೂಲಕ. ಒಂದು ಗರ್ಭದಲ್ಲಿ ಸಾಮಾನ್ಯವಾಗಿ ಎಪ್ಪತ್ತು ಎಂಬತ್ತರಿಂದ ನೂರಕ್ಕೂ ಮೇಲ್ಪಟ್ಟು ಇರುತ್ತವೆ. ಮನುಷ್ಯರಲ್ಲಿ ಹೀಗಿಲ್ಲ. ಹೆಣ್ಣಿನ ಮಾಸು ಸುಮಾರು 20 ಸೆಂ.ಮೀ. ಅಗಲದ, ರೊಟ್ಟಿಯಂತೆ ದುಂಡಗಿನ ಒಂದೇ ತಟ್ಟೆ.

ಈಗ ಹಾಳೆಯನ್ನು ನೋಡಿ. ಮನುಷ್ಯ ಶಿಶುವಿನ ಸುತ್ತ ಬಿಚ್ಚಿಟ್ಟ ಗರ್ಭಕೋಶದ ಗೋಡೆಯಲ್ಲಿ, ಪಕ್ಕದ ಸಣ್ಣ ಚಿತ್ರಗಳಲ್ಲಿ, ಅದೇ ಗುಂಡಿಯಂಥ ಗಂಟುಗಳು ಬಿಡಿಬಿಡಿಯಾಗಿ ಕಾಣುತ್ತವೆ. ಶಿಶು ಮನುಷ್ಯರದು, ಅದನ್ನು ಹೊತ್ತ ಮಾಸು ಹಸುವಿನದು. ಇದಕ್ಕೆ ಕಾರಣವನ್ನೂ ಊಹಿಸಬಹುದು, ಏಕೆಂದರೆ ಸುಮಾರು 1508ರಲ್ಲಿ ಲಿಯೊನಾರ್ಡೊ ಗಬ್ಬದ ಹಸುವಿನ ಗರ್ಭಕೋಶವನ್ನು ಛೇದಿಸಿ ಬರೆದ ಹಾಳೆಯೊಂದು ಇದೇ ಸಂಗ್ರಹದಲ್ಲಿ ಉಳಿದಿದೆ. ಮುಪ್ಪಿನಲ್ಲಿ ಆತ ತಾನು ಮೂವತ್ತಕ್ಕೂ ಹೆಚ್ಚು ಮನುಷ್ಯ ದೇಹಗಳನ್ನು ಛೇದಿಸಿದ್ದಾಗಿ ಹೇಳಿಕೊಂಡಿದ್ದಾನೆ. ಆದರೆ ತುಂಬು ಗರ್ಭಿಣಿಯ ದೇಹ ದೊರೆಯುವುದು ಅತ್ಯಂತ ವಿರಳ. ಸಿಕ್ಕದ ಭಾಗವನ್ನು ಆತ ಕೊಟ್ಟಿಗೆಯಿಂದ ತಂದು ತುಂಬಿದ.

ಆದರೂ ಆ ಗಂಟುಗಳ ಒಳನೋಟವನ್ನು ತೋರಿಸುವ ಪುಟ್ಟ ಚಿತ್ರದ ಮುಂದೆ ತಪ್ಪು ಎಂಬ ಶಬ್ದವೇ ಹಿಂದೆ ಸರಿಯುತ್ತದೆ. ಗರ್ಭಕೋಶದ ಗೋಡೆಯೂ ಮಾಸೂ ಎರಡು ಕೈಗಳ ಬೆರಳು ಹೆಣೆದಂತೆ ಒಂದರೊಳಗೊಂದು ಹೊಕ್ಕಿರುವುದನ್ನೂ, ಎಳೆದಾಗ ಎರಡೂ ಹರಿಯದೆ ಬಿಟ್ಟುಕೊಳ್ಳುವುದನ್ನೂ ಆತ ಬಿಡಿಸಿ ತೋರಿಸುತ್ತಾನೆ. ನಿಮ್ಮ ಎರಡೂ ಕೈಗಳ ಬೆರಳುಗಳನ್ನು ಹೆಣೆದು, ಮೆಲ್ಲನೆ ಬೇರ್ಪಡಿಸಿ, ಆಮೇಲೆ ಆ ಚಿತ್ರವನ್ನು ನಿಮ್ಮ ಹಾಳೆಯಲ್ಲಿ ನಕಲು ಮಾಡಿ. ಯಾವ ಗೆರೆ ತಾಯಿಯ ಕಡೆಯದು, ಯಾವುದು ಮಗುವಿನ ಕಡೆಯದು ಎಂಬುದನ್ನು ನಿರ್ಧರಿಸದೆ ಆ ನಕಲನ್ನು ಮುಗಿಸಲಾಗುವುದಿಲ್ಲ; ಲಿಯೊನಾರ್ಡೊನೂ ಅದನ್ನು ನಿರ್ಧರಿಸಿಯೇ ಬರೆದಿದ್ದಾನೆ. ಹೆಣ್ಣಿನ ಗರ್ಭದಲ್ಲಿ ಏಳು ಕೋಣೆಗಳಿವೆ ಎಂಬ ಮಧ್ಯಯುಗದ ನಂಬಿಕೆ ಯುರೋಪಿನಲ್ಲಿ ಪೂರ್ತಿ ಅಳಿದಿರದ ಕಾಲದಲ್ಲಿ ಒಂದೇ ಕೋಣೆಯ ದುಂಡು ಗರ್ಭಕೋಶವನ್ನು ಬರೆದವನೂ ಇವನೇ.

ಎಂಟನೆಯ ಹೆಜ್ಜೆ: ಹಾಳೆಯ ಪ್ರಯಾಣವನ್ನು ತಿಳಿಯುವುದು

ಇದನ್ನು ಚಿಕ್ಕದಾಗಿ ಮುಗಿಸಬಹುದು. 1519ರ ಮೇ 2ರಂದು ಫ್ರಾನ್ಸಿನ ಆಂಬ್ವಾಸಿನಲ್ಲಿ ಲಿಯೊನಾರ್ಡೊ ತೀರಿಕೊಂಡಾಗ ಹಾಳೆಗಳು ಶಿಷ್ಯ ಫ್ರಾಂಚೆಸ್ಕೊ ಮೆಲ್ಜಿಯ ಪಾಲಿಗೆ ಬಂದವು. ಮೆಲ್ಜಿಯ ನಂತರ ಶಿಲ್ಪಿ ಪಾಂಪಿಯೊ ಲಿಯೊನಿ ಅವುಗಳಲ್ಲಿ ಬಹಳಷ್ಟನ್ನು ಕೊಂಡು ದೊಡ್ಡ ಸಂಪುಟಗಳಾಗಿ ಅಂಟಿಸಿದ. ಹದಿನೇಳನೆಯ ಶತಮಾನದ ಕೊನೆಯ ಹೊತ್ತಿಗೆ ಒಂದು ಸಂಪುಟ ಇಂಗ್ಲೆಂಡಿನ ರಾಜರ ಬಳಿ ಇತ್ತು. ಲಿಯೊನಾರ್ಡೊ 1510 ಮತ್ತು 1511ರಲ್ಲಿ ಪಾವಿಯಾದ ಯುವ ಅಂಗರಚನಾ ಪ್ರಾಧ್ಯಾಪಕ ಮಾರ್ಕಾಂತೋನಿಯೊ ಡೆಲ್ಲಾ ತೊರ್ರೆಯ ಜೊತೆ ಕೆಲಸ ಮಾಡಿದ್ದನೆಂದು ತೋರುತ್ತದೆ. 1511ರಲ್ಲಿ ಆ ಪ್ರಾಧ್ಯಾಪಕ ಪ್ಲೇಗಿನಲ್ಲಿ ತೀರಿಕೊಂಡ. ಲಿಯೊನಾರ್ಡೊ ಹೊರತರಬೇಕೆಂದಿದ್ದ ಅಂಗರಚನೆಯ ಗ್ರಂಥ ಅಚ್ಚಾಗಲೇ ಇಲ್ಲ. ಈ ಹಾಳೆ ಪೂರ್ಣ ರೂಪದಲ್ಲಿ ಮುದ್ರಣಕ್ಕೆ ಬಂದದ್ದು ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ, ನಾರ್ವೆಯಲ್ಲಿ. ಹಾಳೆಯ ಮೇಲೆ ಬರೆದದ್ದು ಯಾರಿಗೂ ಪಾಠವಾಗದೆ ನಾಲ್ಕು ಶತಮಾನ ಕಳೆದವು ಎಂಬುದನ್ನು ಮನಸ್ಸಿನಲ್ಲಿಟ್ಟು ನೋಡಿದಾಗ, ಇದರ ಸ್ವಗತದ ಧಾಟಿ ಅರ್ಥವಾಗುತ್ತದೆ: ಈ ಟಿಪ್ಪಣಿಗಳು ಬರೆದವನಿಗೇ ಹೇಳಿಕೊಂಡ ಮಾತುಗಳಾಗಿ ಉಳಿದುಹೋದವು.

ಒಂಬತ್ತನೆಯ ಹೆಜ್ಜೆ: ಸಂಬಂಧವಿಲ್ಲದಂತೆ ಕಾಣುವ ತುಣುಕಿಗೆ ಮರಳುವುದು

ಎರಡನೆಯ ಹೆಜ್ಜೆಯಲ್ಲಿ ಅರ್ಥವಾಗಲಿಲ್ಲ ಎಂದು ಗುರುತು ಹಾಕಿದ ತುಣುಕುಗಳಿಗೆ ಈಗ ಹಿಂತಿರುಗಿ. ಹಾಳೆಯ ಕೆಳಭಾಗದ ಕಣ್ಣಿನ ರೇಖಾಚಿತ್ರ ಅವುಗಳಲ್ಲಿ ಒಂದಾಗಿದ್ದರೆ ನೀವು ಚೆನ್ನಾಗಿ ನೋಡಿದ್ದೀರಿ. ಅದರ ಜೊತೆಗಿನ ಟಿಪ್ಪಣಿಯ ವಿಷಯ ಗರ್ಭಕ್ಕೆ ಸಂಬಂಧಿಸಿದ್ದೇ ಅಲ್ಲ. ಎರಡೂ ಕಣ್ಣುಗಳಿಂದ ನೋಡಿದಾಗ ನಿಜವಾದ ವಸ್ತುವಿಗೆ ಇರುವ ಉಬ್ಬು ಚಿತ್ರಕ್ಕೆ ಏಕೆ ಬರುವುದಿಲ್ಲ ಎಂಬುದೇ ಅಲ್ಲಿನ ಪ್ರಶ್ನೆ. ಆತನ ಉತ್ತರವನ್ನು ನಿಂಬೆಹಣ್ಣಿನಿಂದ ಪರೀಕ್ಷಿಸಬಹುದು. ಹಣ್ಣನ್ನು ಮುಖದಿಂದ ಒಂದು ಗೇಣು ದೂರದಲ್ಲಿ ಹಿಡಿದು ಎಡಗಣ್ಣು ಮುಚ್ಚಿ ನೋಡಿ. ಹಣ್ಣು ಹಿಂದಿನ ಗೋಡೆಯ ಒಂದು ಭಾಗವನ್ನು ಮರೆಮಾಡುತ್ತದೆ. ಈಗ ಬಲಗಣ್ಣು ಮುಚ್ಚಿ ನೋಡಿ. ಮರೆಯಾಗುವ ಭಾಗ ಬದಲಾಗುತ್ತದೆ. ಎರಡೂ ಕಣ್ಣು ತೆರೆದಾಗ ಒಂದು ಕಣ್ಣಿಗೆ ಮರೆಯಾದದ್ದನ್ನು ಇನ್ನೊಂದು ಕಣ್ಣು ಕಾಣುತ್ತದೆ, ಹಣ್ಣಿನ ಹಿಂದಿನ ಗೋಡೆ ಎಲ್ಲಿಯೂ ಪೂರ್ತಿ ಮರೆಯಾಗುವುದಿಲ್ಲ. ಕಾಗದದ ಮೇಲೆ ಬರೆದ ಹಣ್ಣು ಮಾತ್ರ ತನ್ನ ಹಿಂದಿರುವುದನ್ನು ಎರಡೂ ಕಣ್ಣುಗಳಿಗೆ ಒಂದೇ ರೀತಿಯಲ್ಲಿ ಮರೆಮಾಡುತ್ತದೆ.

ಬಹಳ ವಿವರಣೆಗಳು ಈ ತುಣುಕನ್ನು ಕಾಗದ ಉಳಿತಾಯಕ್ಕೆ ಬರೆದ ಬೇರೆ ವಿಷಯವೆಂದು ಬದಿಗಿಡುತ್ತವೆ, ಅದು ಸಾಧ್ಯವೂ ಹೌದು. ನನ್ನ ಓದು ಬೇರೆ. ಬಾಗಿದ ಗೆರೆಗಳಿಂದ, ಕಾವಿಯಿಂದ, ತೆಳು ಲೇಪದಿಂದ, ಚಪ್ಪಟೆ ಕಾಗದದ ಮೇಲೆ ದುಂಡಾದ ಗರ್ಭಕೋಶವನ್ನು ಎಬ್ಬಿಸಲು ತನ್ನ ಕೈಗೆ ಸಾಧ್ಯವಾದ ಎಲ್ಲವನ್ನೂ ಮಾಡಿದ ಮನುಷ್ಯ, ಅದೇ ಹಾಳೆಯ ಕೆಳಗೆ, ಇಷ್ಟಾದರೂ ಇದು ನಿಜವಾದ ಉಬ್ಬಿಗೆ ಸಮನಾಗದು, ಏಕೆ ಎಂದು ಕೇಳಿಕೊಂಡಿದ್ದಾನೆ. ನಾಲ್ಕನೆಯ ಹೆಜ್ಜೆಯಲ್ಲಿ ನಿಮ್ಮ ಮಣಿಕಟ್ಟಿಗೆ ತಿಳಿದ ದುಂಡುತನದ ಬಗ್ಗೆಯೇ ಈ ಪ್ರಶ್ನೆ.

ಕೊನೆಯದಾಗಿ ಮುದ್ರಿತ ಹಾಳೆಯನ್ನು ಎದುರಿಗೆ ನೆಟ್ಟಗೆ ನಿಲ್ಲಿಸಿ, ತೋಳಳತೆಯಲ್ಲಿ ಕುಳಿತು, ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ, ಇನ್ನೊಂದು ಕಣ್ಣಿನಿಂದ ಶಿಶುವನ್ನು ಅರ್ಧ ನಿಮಿಷ ಅಲುಗಾಡದೆ ನೋಡಿ. ಕಾಗದ ಚಪ್ಪಟೆಯಾಗಿದೆ ಎಂದು ಸಾರುವ ಎರಡನೆಯ ಕಣ್ಣು ಈಗ ಇಲ್ಲ. ಗರ್ಭಕೋಶದ ಬಿಚ್ಚಿದ ಅಂಚುಗಳು ಮೆಲ್ಲಗೆ ನಿಮ್ಮ ಕಡೆಗೆ ಬರುತ್ತವೆ, ಬಾಗಿದ ತಲೆ ಒಳಕ್ಕೆ ಸರಿಯುತ್ತದೆ, ಮೊಣಕಾಲುಗಳ ಹಿಂದೆ ನೆರಳು ಆಳವಾಗುತ್ತದೆ.